ಏಣಿಯಿಂದ ಬಿದ್ದವರು ಯಾರು?

ಕೇಳುಗರಿಗೆ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಚಿಕ್ಕ ಕೆಲಸ. ಈಗ ಕೆಲವು ಪದಗಳನ್ನು ಓದುತ್ತೇನೆ. ಬರೆದುಕೊಳ್ಳಬೇಡಿ, ಸುಮ್ನೆ ಕೇಳಿಸಿಕೊಳ್ಳಿ.

ಮಂಚ. ದಿಂಬು. ರಾತ್ರಿ. ಕನಸು. ಆಕಳಿಕೆ. ಹೊದಿಕೆ. ದಣಿವು. ಗೊರಕೆ. ಜೋಗುಳ. ತೂಕಡಿಕೆ. ಮಂಪರು. ಎಚ್ಚರ.

ಇಷ್ಟೇ. ಇವು ಮನಸ್ಸಿನಲ್ಲಿರಲಿ, ಆಮೇಲೆ ಕೇಳುತ್ತೇನೆ.

ನನಗೂ ನಮ್ಮ ಅಕ್ಕನಿಗೂ ಒಂದು ಹಳೇ ಜಗಳ ಇದೆ. ಚಿಕ್ಕವರಿದ್ದಾಗ ನಮ್ಮಲ್ಲೊಬ್ಬರು ಏಣಿಯಿಂದ ಬಿದ್ದಿದ್ದೆವು. ಬಿದ್ದದ್ದು ನಾನು ಅಂತ ನಾನು. "ಅಲ್ಲ ಕಣೋ, ಬಿದ್ದವಳು ನಾನು, ನೀನು ಕೆಳಗೆ ನಿಂತು ಅಳ್ತಿದ್ದೆ" ಅಂತ ಅವಳು. ಏಣಿ ಅಲ್ಲಾಡಿದ್ದು, ಅಂಗೈಗೆ ಸಿಬಿರು ಚುಚ್ಚಿದ್ದು, ಬಾಯಿಗೆ ಮಣ್ಣು ಹೋಗಿದ್ದು, ಎಲ್ಲವೂ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅವಳಿಗೂ ಹಾಗೇ ಇದೆಯಂತೆ. ಅವಳು ಸುಳ್ಳು ಹೇಳುತ್ತಾಳೆ ಅಂತಲೇ ಎಷ್ಟೋ ವರ್ಷ ನಂಬಿದ್ದೆ. ಈಗ ಅದನ್ನು ನೆನೆದರೆ ಬೇಜಾರಾಗುತ್ತದೆ.

ಯಾಕೆಂದರೆ ಇದು ನಮ್ಮಿಬ್ಬರ ಕಥೆ ಮಾತ್ರ ಅಲ್ಲ. ಅವಳಿ ಸೋದರರನ್ನು, ಅವಳಿ ಸೋದರಿಯರನ್ನು ಕೂರಿಸಿಕೊಂಡು ಬಾಲ್ಯದ ನೆನಪು ಕೇಳಿದ ಒಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಒಂದೇ ಘಟನೆಯನ್ನು ಇಬ್ಬರೂ "ಅದು ಆಗಿದ್ದು ನನಗೆ" ಅಂದ ಜೋಡಿಗಳು ಅಲ್ಲಿ ಸಿಕ್ಕಿದರು. ಇಬ್ಬರೂ ಮನಸಾರೆ ನಂಬಿಯೇ ಹೇಳುತ್ತಿದ್ದರು.

ನೆನಪು ಅಂದರೆ ತಲೆಯೊಳಗೆ ಜೋಪಾನವಾಗಿಟ್ಟ ವಿಡಿಯೋ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡೆರಿಕ್ ಬಾರ್ಟ್ಲೆಟ್ 1932ರಲ್ಲೇ ಹಾಗಲ್ಲ ಎಂದು ಬರೆದರು. ಅವರು ಇಂಗ್ಲೆಂಡಿನ ಓದುಗರಿಗೆ ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆ ಕೊಟ್ಟು, ಆಮೇಲೆ ಅದನ್ನು ಮತ್ತೆ ಮತ್ತೆ ಹೇಳಿಸಿದರು. ಕಥೆಯಲ್ಲಿದ್ದ ಕನೂ, ಅಂದರೆ ಹುಟ್ಟು ಹಾಕಿ ನಡೆಸುವ ಸಪೂರ ದೋಣಿ, ಓದುಗರ ಬಾಯಲ್ಲಿ ಬರೀ ದೋಣಿಯಾಯಿತು. ಸೀಲ್ ಎಂಬ ಕಡಲ ಪ್ರಾಣಿಯ ಬೇಟೆಗೆ ಹೊರಟವರು ಮೀನು ಹಿಡಿಯಲು ಹೊರಟರು. ಅರ್ಥವಾಗದ್ದು ಉದುರಿಹೋಯಿತು, ಅದರ ಜಾಗಕ್ಕೆ ಗೊತ್ತಿರುವುದು ಬಂದು ಕೂತಿತು. ನೆನಪಿಸಿಕೊಳ್ಳುವಾಗಲೆಲ್ಲ ನಾವು ಅದನ್ನು ಹೊಸದಾಗಿ ಕಟ್ಟುತ್ತೇವೆ. ಚೂರುಪಾರು ಹಳೆಯದು, ಉಳಿದದ್ದು ಊಹೆ.

ಈ ಕಟ್ಟುವ ಕೆಲಸದಲ್ಲಿ ಬೇರೆಯವರ ಮಾತೂ ಸೇರಿಕೊಳ್ಳುತ್ತದೆ. ನನ್ನನ್ನು ತುಂಬ ಕಾಡುವುದು ಇದೇ. 1974ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತಗಳ ಕಿರುಚಿತ್ರ ತೋರಿಸಿದರು. ಆಮೇಲೆ ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು. ಕೆಲವರಿಗೆ "ಕಾರುಗಳು ಒಂದಕ್ಕೊಂದು ತಾಗಿದಾಗ" ಎಂದರು. ಇನ್ನು ಕೆಲವರಿಗೆ "ಅಪ್ಪಳಿಸಿದಾಗ" ಎಂದರು. ತಾಗಿದಾಗ ಅಂತ ಕೇಳಿಸಿಕೊಂಡವರು ಸರಾಸರಿ ಗಂಟೆಗೆ ಸುಮಾರು 51 ಕಿಲೋಮೀಟರ್ ಎಂದರು. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ಸುಮಾರು 65 ಎಂದರು. ನೋಡಿದ್ದು ಅದೇ ಚಿತ್ರ, ಬದಲಾಗಿದ್ದು ಒಂದೇ ಒಂದು ಪದ.

ಇನ್ನೊಂದು ಸಲ ಇದೇ ರೀತಿ ಕೇಳಿ, ಒಂದು ವಾರ ಬಿಟ್ಟು ಅವರನ್ನೇ ಮತ್ತೆ ಕರೆದರು. "ಒಡೆದ ಗಾಜು ನೋಡಿದ ನೆನಪಿದೆಯಾ?" ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ "ಅಪ್ಪಳಿಸಿದಾಗ" ಗುಂಪಿನ 50 ಜನರಲ್ಲಿ 16 ಮಂದಿ ಹೌದು ಎಂದರು. ಬರೀ "ಡಿಕ್ಕಿ ಹೊಡೆದಾಗ" ಅಂತ ಕೇಳಿಸಿಕೊಂಡ 50ರಲ್ಲಿ ಹಾಗೆಂದವರು 7 ಮಂದಿ. ಒಬ್ಬ ಸಾಕ್ಷಿಯನ್ನೋ, ಹೆದರಿದ ಮಗುವನ್ನೋ ಪ್ರಶ್ನೆ ಕೇಳುವವರ ಬಾಯಲ್ಲಿ ಎಂಥ ಭಾರ ಇದೆ ನೋಡಿ. "ಅವನು ಹೊಡೆದನಾ?" ಅನ್ನುವುದಕ್ಕೂ "ಏನಾಯ್ತು, ಹೇಳು" ಅನ್ನುವುದಕ್ಕೂ ಎಷ್ಟು ಅಂತರ!

ಈಗ ನಮ್ಮ ಪದಗಳಿಗೆ ಬರೋಣ. ನಾನು ಓದಿದ ಪದಗಳಲ್ಲಿ "ಗೊರಕೆ" ಇತ್ತಾ? ಇತ್ತು. "ಕಿಟಕಿ"? ಇರಲಿಲ್ಲ. "ನಿದ್ದೆ"?

ಇತ್ತು ಅನ್ನಿಸಿದರೆ ಬೇಸರ ಬೇಡ. ನಾನು ಆ ಪದ ಓದಲೇ ಇಲ್ಲ. ಹನ್ನೆರಡು ಪದಗಳೂ ಅದರ ಸುತ್ತಲೇ ಸುತ್ತುತ್ತಿದ್ದವು, ನಡುವಿನ ಪದವನ್ನು ನಿಮ್ಮ ಮನಸ್ಸೇ ಹೇಳಿಕೊಂಡಿತು. ಈ ಪ್ರಯೋಗವನ್ನು ಮೊದಲು 1959ರಲ್ಲಿ ಜೇಮ್ಸ್ ಡೀಸ್ ಮಾಡಿದರು. 1995ರಲ್ಲಿ ಹೆನ್ರಿ ರೋಡಿಗರ್ ಮತ್ತು ಕ್ಯಾಥ್ಲೀನ್ ಮೆಕ್‌ಡರ್ಮಟ್ ಅದನ್ನು ಮತ್ತೆ ಕೈಗೆತ್ತಿಕೊಂಡರು. ಅವರ ಒಂದು ಪರೀಕ್ಷೆಯಲ್ಲಿ ಇಂಥ ಇಲ್ಲದ ಪದವನ್ನು ನೂರಕ್ಕೆ 55ರಷ್ಟು ಸಲ ಜನ ನೆನಪಿನಿಂದ ಬರೆದರು. ಇದನ್ನು ಮೆದುಳಿನ ದೋಷ ಅನ್ನಲು ನನಗೆ ಮನಸ್ಸಿಲ್ಲ. ಕೇಳಿದ್ದರ ಸಾರವನ್ನು ಹಿಡಿದಿಟ್ಟುಕೊಳ್ಳುವ ಗುಣವೇ ಇದು. ಆ ಗುಣ ಇಲ್ಲದಿದ್ದರೆ ಒಂದು ಕಥೆಯೂ ನಮಗೆ ಅರ್ಥವಾಗುತ್ತಿರಲಿಲ್ಲ.

ಆದರೆ ದೊಡ್ಡ ಆಘಾತದ ದಿನವನ್ನು ಯಾರಾದರೂ ಮರೆಯುತ್ತಾರಾ? 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಸಿಡಿದುಹೋಯಿತು. ಏಳೂ ಜನ ಸತ್ತರು. ಮರುದಿನವೇ ಮನೋವಿಜ್ಞಾನಿ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ ಬರೆಸಿಟ್ಟುಕೊಂಡರು: ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ. ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಮಂದಿಯನ್ನು ಅದೇ ಪ್ರಶ್ನೆ ಕೇಳಿದರು. 11 ಮಂದಿಯ ಉತ್ತರ ಪೂರ್ತಿ ತಪ್ಪಾಗಿತ್ತು. ಹಾಗಂತ ಅವರ ನಂಬಿಕೆಗೇನೂ ಕಡಿಮೆ ಇರಲಿಲ್ಲ. ಅವರವರ ಕೈಬರಹದ ಹಾಳೆಯನ್ನೇ ಮುಂದಿಟ್ಟರು. ಆಗಲೂ ಹಳೆಯ ನೆನಪು ಮರಳಿ ಬರಲಿಲ್ಲ.

ನಮ್ಮ ಏಣಿಗೆ ಅಂಥ ಹಾಳೆ ಯಾವುದೂ ಇಲ್ಲ. ಹೋದ ಸಲ ಅಕ್ಕ ಸಿಕ್ಕಾಗ ನಾನು ವಾದ ಮಾಡಲಿಲ್ಲ. "ಪೂರ್ತಿ ಹೇಳು, ಕೇಳ್ತೀನಿ" ಅಂದೆ. ಅವಳು ನಿಧಾನಕ್ಕೆ ಹೇಳಿದಳು. ಬಿದ್ದಾಗ ಒಂದು ಕಾಲಿನ ಚಪ್ಪಲಿ ಏಣಿಯ ಮೆಟ್ಟಿಲಲ್ಲೇ ಸಿಕ್ಕಿಕೊಂಡು ತೂಗಾಡ್ತಿತ್ತಂತೆ. ನನ್ನ ನೆನಪಿನಲ್ಲಿ ಚಪ್ಪಲಿ ಯಾವತ್ತೂ ಇರಲಿಲ್ಲ. ಈಗ ಏಣಿ ಅಂದ ತಕ್ಷಣ ಮೊದಲು ಕಾಣುವುದೇ ಅದು, ನೀಲಿ ಪಟ್ಟಿಯ ಚಪ್ಪಲಿ. ಬಣ್ಣ ಯಾವುದು ಅಂತ ಅವಳು ಹೇಳಿರಲಿಲ್ಲ.