ಪುಲಿಟ್ಜರ್: ಕೊಟ್ಟಿದ್ದೂ ಸುದ್ದಿ, ಕೊಡದಿದ್ದರೂ ಸುದ್ದಿ

ಕೇಳುಗರೇ, ನಮಸ್ಕಾರ.

ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ ವರ್ಷಕ್ಕೊಮ್ಮೆ ಎಲ್ಲರ ಕಿವಿಯೂ ನೆಟ್ಟಗಾಗುವ ದಿನವೊಂದಿದೆ. ಪುಲಿಟ್ಜರ್ ಬಹುಮಾನ ಪ್ರಕಟವಾಗುವ ದಿನ ಅದು. ತಮಾಷೆ ನೋಡಿ, ಒಳ್ಳೆಯ ಪತ್ರಿಕೋದ್ಯಮಕ್ಕೆ ಅಂತ ದುಡ್ಡಿಟ್ಟು ಹೋದ ಜೋಸೆಫ್ ಪುಲಿಟ್ಜರ್ ಅವರೇನೂ ಪೂರ್ತಿ ಸಾಚಾ ಅಲ್ಲ. ಹಂಗೇರಿಯಿಂದ ಬಂದವರು. ನ್ಯೂಯಾರ್ಕಿನಲ್ಲಿ 'ವರ್ಲ್ಡ್' ಪತ್ರಿಕೆ ನಡೆಸುವಾಗ ಎದುರಾಳಿ ಪತ್ರಿಕೆಯ ಮಾಲೀಕ ಹರ್ಸ್ಟ್ ಜೊತೆ ಪೈಪೋಟಿಗೆ ಬಿದ್ದು ರೋಚಕ ಸುದ್ದಿಗಳನ್ನು ಧಾರಾಳವಾಗಿ ಹಂಚಿದರು. ಭ್ರಷ್ಟರ ಬೆನ್ನು ಹತ್ತಿದ್ದೂ ಅದೇ ಪತ್ರಿಕೆ. 1911ರಲ್ಲಿ ಅವರು ತೀರಿಕೊಂಡ ಮೇಲೆ, ಉಯಿಲಿನಂತೆ ಹಣ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಯಿತು. 1917ರಿಂದ ಬಹುಮಾನ ಶುರುವಾಯಿತು.

ಈಗ ಹೆಚ್ಚಿನ ವಿಭಾಗಗಳಲ್ಲಿ ಗೆದ್ದವರಿಗೆ 15,000 ಡಾಲರ್. ಸಾರ್ವಜನಿಕ ಸೇವೆಯ ವಿಭಾಗದಲ್ಲಿ ಮಾತ್ರ ದುಡ್ಡಿಲ್ಲ, ಚಿನ್ನದ ಪದಕ. ಅದೂ ವರದಿಗಾರರಿಗಲ್ಲ, ಪತ್ರಿಕೆಗೆ. ಅಧ್ಯಕ್ಷ ನಿಕ್ಸನ್ ಅವರ ಕುರ್ಚಿಗೇ ಕುತ್ತು ತಂದ ವಾಟರ್‌ಗೇಟ್ ಹಗರಣದ ಜಾಡು ಹಿಡಿದಿದ್ದಕ್ಕೆ 1973ರಲ್ಲಿ 'ವಾಷಿಂಗ್ಟನ್ ಪೋಸ್ಟ್'ಗೆ ಸಿಕ್ಕಿದ್ದು ಇದೇ ಪದಕ. ಅದರ ಒಂದು ಬದಿಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮುಖ. ಇನ್ನೊಂದು ಬದಿಯಲ್ಲಿ ಬರಿಮೈಯಲ್ಲಿ ಅಚ್ಚುಯಂತ್ರ ನಡೆಸುತ್ತಿರುವ ಗಟ್ಟಿಮುಟ್ಟು ಕೆಲಸಗಾರ. ಕಳಚಿದ ಅಂಗಿಯನ್ನು ಯಂತ್ರದ ತುದಿಗೆ ಹಾಕಿದ್ದಾನೆ. ಮಾಲೀಕರನ್ನು ಬಿಟ್ಟು ಅವನನ್ನು ಕೆತ್ತಿದರಲ್ಲ, ಅದು ನನಗೆ ತುಂಬಾ ಇಷ್ಟ.

ಪತ್ರಿಕೆಗಷ್ಟೇ ಅಲ್ಲ, ಕಾದಂಬರಿ, ನಾಟಕ, ಕವಿತೆ, ಸಂಗೀತಕ್ಕೂ ಬಹುಮಾನಗಳಿವೆ. 2014ರಲ್ಲಿ ಕವಿತೆಗೆ ಗೆದ್ದ ವಿಜಯ್ ಶೇಷಾದ್ರಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಐದು ವರ್ಷದವರಿದ್ದಾಗ ಅಮೆರಿಕಕ್ಕೆ ಹೋದವರು.

ಆದರೆ ನನಗೆ ಜಾಸ್ತಿ ಕುತೂಹಲ ಇರುವುದು ಕೊಡದೇ ಇದ್ದ ವರ್ಷಗಳ ಬಗ್ಗೆ. ತೀರ್ಪುಗಾರರು ಓದಿ, ಕೇಳಿ, ಸಾಮಾನ್ಯವಾಗಿ ಮೂರು ಹೆಸರು ಮುಂದಿಡುತ್ತಾರೆ. ಕೊನೆಯ ಮಾತು ಪುಲಿಟ್ಜರ್ ಮಂಡಳಿಯದ್ದು. ಯಾರಿಗೂ ಬೇಡ ಅನ್ನುವ ಹಕ್ಕೂ ಅದಕ್ಕಿದೆ. 1974ರಲ್ಲಿ, ಮತ್ತೆ 2012ರಲ್ಲಿ ಕಾದಂಬರಿಗೆ ಬಹುಮಾನವೇ ಇಲ್ಲ. ತಿಂಗಳುಗಟ್ಟಲೆ ಓದಿದ ತೀರ್ಪುಗಾರರಿಗೆ ಹೇಗಾಗಿರಬೇಡ!

1965ರದ್ದು ಇನ್ನೂ ದೊಡ್ಡ ಗಲಾಟೆ. ಸಂಗೀತದ ಮೂವರು ತೀರ್ಪುಗಾರರಿಗೆ ಆ ವರ್ಷದ ಯಾವ ಕೃತಿಯೂ ಹಿಡಿಸಲಿಲ್ಲ. ಅದರ ಬದಲು ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ ಅವರ ಇಡೀ ಬದುಕಿನ ಸಾಧನೆಗೆ ವಿಶೇಷ ಗೌರವ ಕೊಡಿ ಎಂದರು. ಮಂಡಳಿ ಒಪ್ಪಲಿಲ್ಲ. ಮೂವರಲ್ಲಿ ಇಬ್ಬರು ರಾಜೀನಾಮೆ ಬಿಸಾಕಿದರು. ಸುದ್ದಿಗಾರರು ಕೇಳಿದಾಗ ಎಲಿಂಗ್ಟನ್ ಸಿಡುಕಲಿಲ್ಲ. ವಿಧಿಗೆ ನನ್ನ ಮೇಲೆ ಕರುಣೆ, ಇಷ್ಟು ಸಣ್ಣ ವಯಸ್ಸಿಗೇ ನಾನು ತೀರಾ ಪ್ರಸಿದ್ಧನಾಗುವುದು ಅದಕ್ಕೆ ಬೇಕಿಲ್ಲ ಎಂದರು. ಆಗ ಅವರಿಗೆ 66 ವರ್ಷ!

ಮಂಡಳಿಗೆ ಮನಸ್ಸು ಬಂದಿದ್ದು 1999ರಲ್ಲಿ, ಎಲಿಂಗ್ಟನ್ ತೀರಿಕೊಂಡು 25 ವರ್ಷದ ಮೇಲೆ. ಆಮೇಲೆ ಅದರ ಕಿವಿ ಸ್ವಲ್ಪ ತೆರೆಯಿತು ಅನ್ನಬೇಕು. 2018ರಲ್ಲಿ ಸಂಗೀತದ ಬಹುಮಾನ ರ‍್ಯಾಪ್ ಹಾಡುವ ಕೆಂಡ್ರಿಕ್ ಲಾಮಾರ್‌ಗೆ ಹೋಯಿತು. ಶಾಸ್ತ್ರೀಯ ಸಂಗೀತ ಮತ್ತು ಜಾಝ್ ಬಿಟ್ಟು ಆಚೆ ಹೋಗಿದ್ದು ಅದೇ ಮೊದಲು.

ನಮಸ್ಕಾರ.