ರೋಗಕ್ಕಿಂತ ಮೊದಲು ಹಳ್ಳ ತಲುಪಬೇಕು

ಎಲ್ಲರಿಗೂ ನಮಸ್ಕಾರ. ಮಳೆ ಜೋರಾಗಿದೆ, ಹಿಂದಿನ ಹಳ್ಳವೂ ದನಿಗೂಡಿಸಿದೆ. ನನ್ನ ಮಾತು ಕೇಳಿಸದಿದ್ದವರು ಕೈ ಬೀಸಿ. ನಾನು ಇಂದು ಹೇಳಲಿರುವ ಪನಾಮಾದ ಬಂಗಾರದ ಕಪ್ಪೆಯೂ ಅದನ್ನೇ ಮಾಡುತ್ತದೆ. ಭೋರ್ಗರೆಯುವ ತೊರೆಯ ಪಕ್ಕದಲ್ಲಿ ಕೂಗು ಮುಳುಗಿಹೋಗುವುದರಿಂದ ಮುಂಗಾಲೆತ್ತಿ ಬೀಸಿ ತನ್ನವರಿಗೆ ಸುದ್ದಿ ಮುಟ್ಟಿಸುತ್ತದೆ.

ಇಂದು ಆಗಸ್ಟ್ 14. ಪನಾಮಾದಲ್ಲಿ ಇದು ಆ ಕಪ್ಪೆಯ ರಾಷ್ಟ್ರೀಯ ದಿನ. ಅಲ್ಲಿನ ಲಾಟರಿ ಟಿಕೆಟಿನ ಮೇಲೂ ಅದರ ಚಿತ್ರವಿದೆ. ಆದರೆ 2009ರ ಹೊತ್ತಿಗೆ ಕಾಡಿನ ತೊರೆಗಳಲ್ಲಿ ಅದು ಕಾಣಿಸುವುದು ಹೆಚ್ಚುಕಡಿಮೆ ನಿಂತೇಹೋಯಿತು.

ಅದಕ್ಕೆ ಕಾರಣ ಕೈಟ್ರಿಡ್, ಕಪ್ಪೆಗಳ ಚರ್ಮಕ್ಕೆ ತಗಲಿ ಕೊಲ್ಲುವ ಶಿಲೀಂಧ್ರ. ಅದರ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಒಂದನ್ನು ಮಾತ್ರ ನೆನಪಿಸುತ್ತೇನೆ: ಕಪ್ಪೆಗೆ ಚರ್ಮವೆಂದರೆ ಬರೀ ಹೊದಿಕೆಯಲ್ಲ. ನೀರು, ಉಸಿರು, ಲವಣ ಎಲ್ಲದರ ವ್ಯವಹಾರವೂ ಅದರ ಮೂಲಕವೇ. ಶಿಲೀಂಧ್ರ ಅಲ್ಲಿ ಬೇರೂರಿದರೆ ರಕ್ತದ ಸೋಡಿಯಂ, ಪೊಟ್ಯಾಸಿಯಂ ಇಳಿದು ಕೊನೆಗೆ ಹೃದಯವೇ ನಿಲ್ಲುತ್ತದೆ. ಈ ರೋಗದಿಂದ 501 ಪ್ರಭೇದಗಳು ಕುಸಿದಿವೆ, ಅವುಗಳಲ್ಲಿ 90 ಅಳಿದೇಹೋಗಿರಬಹುದು ಎಂದು 2019ರ ಜಾಗತಿಕ ಸಮೀಕ್ಷೆ ಲೆಕ್ಕ ಕೊಟ್ಟಿತು.

ಈಗ ನನ್ನ ಇಷ್ಟದ ಕಥೆಗೆ ಬರುತ್ತೇನೆ. ಈ ರೋಗ ಪನಾಮಾದಲ್ಲಿ ಎಲ್ಲಿಂದ ಎಲ್ಲಿಗೆ ಸಾಗುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. 1996ರ ಹೊತ್ತಿಗೆ ಫೋರ್ಟುನಾ, 2004ರಲ್ಲಿ ಎಲ್ ಕೋಪೆ. ಮುಂದಿನ ಸರದಿ ಎಲ್ ವಾಯೆ ಕಣಿವೆಯದು ಎಂದು ಕ್ಯಾರೆನ್ ಲಿಪ್ಸ್ ಅವರಂಥ ವಿಜ್ಞಾನಿಗಳಿಗೆ ಗೊತ್ತಿತ್ತು. ಕಪ್ಪೆಗಳಿಗಾಗಿ ಅಲ್ಲೊಂದು ಕೇಂದ್ರ ಕಟ್ಟುತ್ತಿದ್ದರು, ಆದರೆ ಅದು ಮುಗಿಯುವ ಮೊದಲೇ, 2006ರಲ್ಲಿ, ರೋಗ ಬಾಗಿಲಿಗೆ ಬಂತು. ಅಲ್ಲಿ ಕಪ್ಪೆಗಳನ್ನು ಉಳಿಸಲು ಹೊರಟಿದ್ದ ಎಡ್ಗಾರ್ಡೊ ಗ್ರಿಫಿತ್ ಮತ್ತು ಹೈಡಿ ರಾಸ್ ಏನು ಮಾಡಿದರು? ಊರಿನ ಹೋಟೆಲ್ ಕಾಂಪೆಸ್ತ್ರೆಯಲ್ಲಿ ಕೋಣೆ ಹಿಡಿದರು! ಪ್ರವಾಸಿಗರು ಮಲಗುವ ಜಾಗದಲ್ಲಿ ಸಾಲುಸಾಲು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕಪ್ಪೆ. ಪ್ರತಿಯೊಂದನ್ನೂ ಶುಚಿಯಾಗಿಡಬೇಕು, ರೋಗ ತಗಲಿದವಕ್ಕೆ ಔಷಧದ ನೀರಿನ ಸ್ನಾನ ಮಾಡಿಸಬೇಕು, ಜೀವಂತ ಹುಳು ಹುಡುಕಿ ತರಬೇಕು. ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗುವುದು ಆಗದ ಮಾತು ಎನ್ನುತ್ತೇವಲ್ಲ, ನೂರಾರು ಕಪ್ಪೆಗಳನ್ನು ಹೋಟೆಲಿನಲ್ಲಿ ಸಾಕುವುದು ಅದಕ್ಕಿಂತ ಸುಲಭವೇ? ಅವರು ಸಾಕಿದರು. ಆ ಅತಿಥಿಗಳ ಸಂತತಿ ಇಂದಿಗೂ ಇದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. 2005ರಲ್ಲಿ ಅದೇ ಕಣಿವೆಯಿಂದ ಅಮೆರಿಕದ ಅಟ್ಲಾಂಟಾಕ್ಕೆ ಒಯ್ದ ರ‍್ಯಾಬ್ ಮರಗಪ್ಪೆಗೆ 2008ರಲ್ಲಷ್ಟೇ ವಿಜ್ಞಾನ ಹೆಸರಿಟ್ಟಿತು. ಆ ಪ್ರಭೇದದ ಕೊನೆಯ ಗಂಡು 2016ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಾದ ಸಸ್ಯೋದ್ಯಾನದಲ್ಲಿ ತೀರಿಕೊಂಡಿತು. ಅದಕ್ಕೂ ಎರಡು ವರ್ಷ ಮೊದಲು ಒಂಟಿಯಾಗಿ ಕೂಗಿದ್ದನ್ನು ದಾಖಲಿಸಿಕೊಂಡಿದ್ದಾರೆ. ಓಗೊಡಲು ಹೆಣ್ಣು ಇರಲಿಲ್ಲ.

ನಾನು ಪದೇಪದೇ ಹೇಳುವುದು ಇಷ್ಟನ್ನೇ: ರೋಗಕ್ಕಿಂತ ಮೊದಲು ನಾವು ಹಳ್ಳ ತಲುಪಬೇಕು. ನಮ್ಮ ಪಶ್ಚಿಮ ಘಟ್ಟದಲ್ಲೂ ಈ ಶಿಲೀಂಧ್ರ ಇದೆ ಎಂಬ ವರದಿ 2011ರಲ್ಲೇ ಬಂದಿದೆ. ಪನಾಮಾದಂಥ ಸಾಮೂಹಿಕ ಸಾವು ಇಲ್ಲಿ ಕಂಡಿಲ್ಲ. ಶಿಲೀಂಧ್ರದ ಮೂಲ ಏಷ್ಯಾವೇ ಎಂದು 2018ರ ವಂಶವಾಹಿ ಅಧ್ಯಯನ ತೋರಿಸಿದೆ, ಹಾಗಾಗಿ ನಮ್ಮ ಕಪ್ಪೆಗಳಿಗೆ ಅದು ಹಳೆಯ ಪರಿಚಯವಿರಬಹುದು. ಹಾಗೆಂದು ಹಾಯಾಗಿ ಕೂರಬಹುದೇ? ಕಪ್ಪೆ ವ್ಯಾಪಾರದ ಜೊತೆಗೆ ಬೇರೆ ತಳಿಯೊಂದು ಬಂದಿಳಿದರೆ? ಮೊಟ್ಟೆಗೆ ಕೆಸರು ಮೆತ್ತಿ ಕಾಪಾಡುವ ನಮ್ಮ ಶರಾವತಿ ಸೀಮೆಯ ಕುಂಬಾರ ಕಪ್ಪೆಗೆ 2014ರಲ್ಲಷ್ಟೇ ಹೆಸರಿಟ್ಟಿದ್ದೇವೆ. ಯಾವ ಹಳ್ಳದಲ್ಲಿ ಎಷ್ಟಿವೆ ಎಂದು ಇಂದೇ ಎಣಿಸಿಡದಿದ್ದರೆ ನಾಳೆ ಕಡಿಮೆಯಾದದ್ದು ಗೊತ್ತಾಗುವುದು ಹೇಗೆ?

ಸಮಯ ಆಯಿತೆಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಇನ್ನು ಎರಡೇ ಮಾತು. ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಗೊದಮೊಟ್ಟೆಗಳಿಗೆ ಔಷಧ ಕೊಟ್ಟು, ಕೊಳಗಳನ್ನು ಸೋಂಕುನಿವಾರಕದಿಂದ ತೊಳೆದು ಕಾಡಿನಲ್ಲೇ ರೋಗ ನಿವಾರಿಸಿದರು. ಆಸ್ಟ್ರೇಲಿಯಾದಲ್ಲಿ ರಂಧ್ರವಿರುವ ಇಟ್ಟಿಗೆಗಳನ್ನು ಬಿಸಿಲಿಗೆ ಕಾಯಿಸಿಟ್ಟರು. ಕಪ್ಪೆಗಳು ಅದರೊಳಗೆ ಮೈ ಬೆಚ್ಚಗೆ ಮಾಡಿಕೊಂಡು ಸೋಂಕಿನಿಂದ ಚೇತರಿಸಿಕೊಂಡವು. ಇಟ್ಟಿಗೆ, ಕೇವಲ ಇಟ್ಟಿಗೆ! ಇದರ ಬಗ್ಗೆ ಬೇಕಾದಷ್ಟು ಹೇಳಬೇಕೆಂದು ಬಂದಿದ್ದೆ, ಊಟದ ಹೊತ್ತಿಗೆ ಕೇಳಿ.

ಈಗ ಟಾರ್ಚ್ ಹಿಡಿದು ಹಳ್ಳಕ್ಕೆ ಹೊರಡೋಣ. ಇಲ್ಲಿ ಬೇರೆ ಬೇರೆ ನದಿಗಳ ಸೀಮೆಯಿಂದ ಬಂದವರಿದ್ದೀರಿ, ನಿಮ್ಮ ಬೂಟಿನಲ್ಲಿ ಆಯಾ ಊರಿನ ಕೆಸರಿದೆ, ಅದರ ಜೊತೆ ಶಿಲೀಂಧ್ರವೂ ಬಂದಿರಬಹುದು. ಹಿಂಬಾಗಿಲ ಬಳಿ ಬ್ರಷ್ ಮತ್ತು ಎರಡು ಬಕೆಟ್ ಇಟ್ಟಿದ್ದೇವೆ, ಒಂದರಲ್ಲಿ ಬ್ಲೀಚಿಂಗ್ ನೀರು, ಇನ್ನೊಂದರಲ್ಲಿ ಶುದ್ಧ ನೀರು. ಕೆಸರು ಉಜ್ಜಿ, ಅದ್ದಿ, ತೊಳೆದು ಬನ್ನಿ. ತೊಳೆದ ನೀರನ್ನು ಹಳ್ಳದ ಕಡೆಗೆ ಚೆಲ್ಲಬೇಡಿ. ಅವಸರವಿಲ್ಲ, ಕೊನೆಯ ಬೂಟು ಶುಚಿಯಾಗುವವರೆಗೂ ಕಾಯುತ್ತೇನೆ.