ಗೋಣಿ ಬೇರೆ, ಬೀಜ ಬೇರೆ: ಹಳೆ ಮೊಬೈಲಿನ ದನಿಗಳನ್ನು ಬಿಡಿಸಿಕೊಳ್ಳುವ ಬಗೆ

(ಮಡಿಕೇರಿಯಲ್ಲಿ ಶಿಕ್ಷಕರು ಮತ್ತು ಜಾನಪದ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಶೀಟಿನ ಮೇಲೆ ಮಳೆ ಹೀಗೆ ಹೊಡೆಯುತ್ತಿರುವಾಗ ದನಿಯ ಬಗ್ಗೆ ಮಾತಾಡುವುದು ಸ್ವಲ್ಪ ತಮಾಷೆಯೇ. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ಗಂಟಲು ಏರಿಸುತ್ತೇನೆ.

ಮೊದಲು ಒಂದು ಸದ್ದು ಕೇಳಿ. (ಧ್ವನಿಮುದ್ರಿಕೆ ಕೇಳಿಸಲಾಯಿತು.) ಎಂತ ಸದ್ದಿದು? ಯಾರೋ ಕೆಮ್ಮುತ್ತಿದ್ದಾರೆ ಅಂದಿರಿ. ಅಲ್ಲ, ಅದು ದುಡಿ, ಕೈಯಲ್ಲಿ ಹಿಡಿದು ಬಾರಿಸುವ ಚಿಕ್ಕ ಚರ್ಮವಾದ್ಯ. ನಮ್ಮ ಪಕ್ಕದ ಐನ್‌ಮನೆಯಲ್ಲಿ, ಅಂದರೆ ಕೊಡವ ಕುಟುಂಬದ ಮೂಲಮನೆಯಲ್ಲಿ, ಸುಗ್ಗಿಹಬ್ಬವಾದ ಪುತ್ತರಿಯ ರಾತ್ರಿ ನಾಲ್ಕು ಮಂದಿ ಹಿರಿಯರು ಬಾಳೋ ಪಾಟ್ ಎಂಬ ಕೊಡವ ಜನಪದ ಹಾಡು ಹಾಡಿದಾಗ ಕೈಯಲ್ಲಿದ್ದ ಹಳೆ ಮೊಬೈಲಿನಲ್ಲಿ ಹಿಡಿದಿಟ್ಟದ್ದು. ಹಾಡಿನ ಮಾತು ಪರವಾಗಿಲ್ಲ, ಕಿವಿಗೊಟ್ಟರೆ ತಿಳಿಯುತ್ತದೆ. ದುಡಿ ಮಾತ್ರ ಕೆಮ್ಮುತ್ತದೆ. ಕದಿರು ಕೊಯ್ಯುವಾಗ ಹಾರಿಸಿದ ಗುಂಡು ಯಾರೋ ಚಿಟಿಕೆ ಹೊಡೆದ ಹಾಗೆ 'ಟಪ್' ಅನ್ನುತ್ತದೆ. 'ಪೊಲಿ ಪೊಲಿ ದೇವಾ' ಎಂದು ಐವತ್ತು ಜನ ಒಟ್ಟಿಗೆ ಕೂಗಿದ್ದು ಬಾವಿಯೊಳಗಿಂದ ಬಂದಂತಿದೆ.

ತಪ್ಪು ಮೊಬೈಲಿನದಲ್ಲ. ಅದು ಆ ಕೆಲಸಕ್ಕೆ ಹುಟ್ಟಿದ್ದೇ ಅಲ್ಲ. ಆ ಕಾಲದ ಫೋನುಗಳು ದನಿಯನ್ನು ಎಎಂಆರ್ (AMR) ಎಂಬ ಎನ್‌ಕೋಡಿಂಗ್‌ನಲ್ಲಿ, ಅಂದರೆ ದನಿಯನ್ನು ಅಂಕಿಗಳಾಗಿ ಬರೆದಿಡುವ ಒಂದು ಬಗೆಯಲ್ಲಿ, ಕಟ್ಟಿಡುತ್ತಿದ್ದವು. ಫೋನ್ ಕರೆಗಾಗಿ 1999ರಲ್ಲಿ ಒಪ್ಪಿಕೊಂಡ ವಿಧಾನ ಅದು. ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು ಮಾದರಿ ತೆಗೆಯುತ್ತದೆ. ಮಾದರಿಗಳ ಅರ್ಧದಷ್ಟು ಕಂಪನದವರೆಗೆ ಮಾತ್ರ ಹೀಗೆ ಹಿಡಿಯಲು ಸಾಧ್ಯ. ಅಲ್ಲಿಗೆ 4000 ಹರ್ಟ್ಸ್‌ಗಿಂತ ಮೇಲಿನದ್ದೆಲ್ಲ ಹೊಸಿಲಿನಾಚೆಯೇ ಉಳಿಯಿತು. ಒಳಗೆ ಬಂದದ್ದನ್ನು 20 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸುತ್ತದೆ, ಸೆಕೆಂಡಿಗೆ 50 ತುಂಡು. ಪ್ರತಿ ತುಂಡನ್ನೂ 'ಇದು ಮನುಷ್ಯನ ಗಂಟಲಿನಿಂದ ಬಂದದ್ದು' ಎಂದೇ ನಂಬಿ, ಗಂಟಲು ಬಾಯಿಗಳ ಆಕಾರ ಹೇಗಿದ್ದರೆ ಈ ಸದ್ದು ಬಂದೀತು ಎಂದು ಲೆಕ್ಕ ಹಾಕಿ, ಆ ಲೆಕ್ಕವನ್ನು ಬರೆದಿಡುತ್ತದೆ. ಅದರ ಅತಿ ಒಳ್ಳೆಯ ದರ್ಜೆ ಸೆಕೆಂಡಿಗೆ 12.2 ಕಿಲೋಬಿಟ್, ಅಂದರೆ ಒಂದು ತುಂಡಿಗೆ 244 ಬಿಟ್. ಅಷ್ಟರಲ್ಲಿ ಮಾತು ಹಿಡಿಸುತ್ತದೆ. ದುಡಿಗೆ ಗಂಟಲಿಲ್ಲವಲ್ಲ! ಅದನ್ನೂ ಗಂಟಲೆಂದೇ ಅಳೆದು ಬರೆದಿಟ್ಟಿತು. ಅದಕ್ಕೇ ಕೆಮ್ಮು.

ಇಂಥ ಫೈಲುಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳ ಡ್ರಾಯರಿನಲ್ಲಿವೆ. ಅಜ್ಜಿ ಹೇಳಿದ ಅರೆಭಾಷೆ ಗಾದೆಗಳು, ಮದುವೆಮನೆಯ ಹಾಡು, ತೀರಿಕೊಂಡವರ ಒಂದು ಬೈಗುಳ. ಕೊಡವ ಹಾಡುಗಳ ಮಾತನ್ನು ನಡಿಕೇರಿಯಂಡ ಚಿಣ್ಣಪ್ಪನವರು ಕನ್ನಡ ಲಿಪಿಯಲ್ಲಿ ಬರೆದು 1924ರಲ್ಲೇ ಅಚ್ಚು ಹಾಕಿಸಿದರು. ಮಾತು ಉಳಿಯಿತು. ಎಳೆದು ಹಾಡುವ ರೀತಿ, ಉಸಿರು ತೆಗೆದುಕೊಳ್ಳುವ ಜಾಗ ಕಾಗದದಲ್ಲಿ ಸಿಗುವುದಿಲ್ಲ. ಹಾಗಾಗಿ ಕೆಮ್ಮುವ ದುಡಿಯಾದರೂ ಇರಲಿ ಅನ್ನುವವನು ನಾನು.

ಈಗ ಸಲಕರಣೆಗೆ ಬರೋಣ. ದನಿ, ವಿಡಿಯೋ ಫೈಲುಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ತಂತ್ರಾಂಶ, ಹೆಸರು ಎಫ್‌ಎಫ್‌ಎಂಪೆಗ್ (ffmpeg). ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ 2000ದಲ್ಲಿ ಶುರುಮಾಡಿದ್ದು, ಆಮೇಲೆ ಎಷ್ಟೋ ಜನ ಕೈಜೋಡಿಸಿದ್ದಾರೆ. ದುಡ್ಡು ಕೊಡಬೇಕಿಲ್ಲ. ಬಟನ್ ಇಲ್ಲ, ಚಿತ್ರ ಇಲ್ಲ. ಟರ್ಮಿನಲ್ ಎಂಬ ಕಪ್ಪು ಪರದೆ ತೆರೆದು ಆದೇಶ ಟೈಪ್ ಮಾಡಬೇಕು. ಬಣ್ಣ ಬಣ್ಣದ ಬಟನ್ ಇರುವ ಕನ್ವರ್ಟರುಗಳ ಒಳಗೂ ಬಹಳ ಸಲ ದುಡಿಯುತ್ತಿರುವುದು ಇದೇ. ಹೊರಗಿನ ಅಂಗಡಿ ಬೇರೆ, ಅಷ್ಟೆ.

ಇದರ ಜೊತೆಗೇ ಎಫ್‌ಎಫ್‌ಪ್ರೋಬ್ (ffprobe) ಅಂತ ತಮ್ಮನೊಬ್ಬ ಬರುತ್ತಾನೆ. ಮೊದಲು ಅವನನ್ನು ಕೇಳಿ. ಎಫ್‌ಎಫ್‌ಪ್ರೋಬ್ ಎಂದು ಬರೆದು, ಜಾಗ ಬಿಟ್ಟು, ಫೈಲಿನ ಹೆಸರು ಬರೆದರೆ ಒಳಗೆ ಏನಿದೆ ಎಂದು ಹೇಳುತ್ತಾನೆ. ಈ ಪುತ್ತರಿ ಫೈಲಿಗೆ ಬಂದ ಉತ್ತರ ನೋಡಿ: ಎಎಂಆರ್ ಎನ್‌ಬಿ, 8000 ಹರ್ಟ್ಸ್, ಮೊನೊ. ಅಂದರೆ ಎಎಂಆರ್‌ನ ಕಿರಿದಾದ (ನ್ಯಾರೋಬ್ಯಾಂಡ್) ಬಗೆ, ಸೆಕೆಂಡಿಗೆ 8000 ಮಾದರಿ, ಒಂದೇ ಚಾನೆಲ್. ಹೆಸರಿನ ಬಾಲ ನೋಡಿ ನಂಬಬೇಡಿ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಣಿಯ ಮೇಲೆ ಅರೇಬಿಕಾ ಎಂದು ಬರೆದಿರುತ್ತದೆ, ಬಿಚ್ಚಿದರೆ ರೊಬಸ್ಟಾ. ಡಾಟ್ 3ಜಿಪಿ ಎಂಬುದು ಗೋಣಿ, ಒಳಗಿನ ಬೀಜ ಎಎಂಆರ್ ಇರಬಹುದು, ಬೇರೆಯೂ ಇರಬಹುದು. ಕಾರ್ಡ್ ಕೆಟ್ಟು, ಹೆಸರೇ ಕಳೆದುಕೊಂಡು ಬಂದ ಫೈಲಾದರೆ ಅದರ ಮೊದಲ ಕೆಲವು ಅಕ್ಷರ ತೆರೆದು ನೋಡಿ. ಎಎಂಆರ್ ಆಗಿದ್ದರೆ ಹ್ಯಾಶ್ ಗುರುತು, ಆಶ್ಚರ್ಯಸೂಚಕ, ಆಮೇಲೆ ಎ, ಎಂ, ಆರ್ ಎಂದು ತಾನೇ ಹಣೆಯ ಮೇಲೆ ಬರೆದುಕೊಂಡಿರುತ್ತದೆ.

ಬರೀ ಗೋಣಿ ಬದಲಿಸಬೇಕಿದ್ದರೆ ಬೀಜ ಮುಟ್ಟುವ ಅಗತ್ಯವಿಲ್ಲ. 3ಜಿಪಿಯ ವಿಡಿಯೋ ಬಿಟ್ಟು ದನಿ ಮಾತ್ರ ಬೇಕು ಅನ್ನಿ. ಮೈನಸ್ ವಿಎನ್ ಎಂದರೆ ವಿಡಿಯೋ ಬೇಡ. ಮೈನಸ್ ಸಿ ಕೋಲನ್ ಎ, ಜಾಗ, ಕಾಪಿ ಎಂದರೆ ದನಿಯನ್ನು ಇದ್ದ ಹಾಗೇ ಎತ್ತಿಡು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ಒಂದು ಬಿಟ್ಟೂ ಹಾಳಾಗುವುದಿಲ್ಲ.

ಎಎಂಆರ್ ಕಟ್ಟನ್ನೇ ಬಿಡಿಸಿ ಬೇರೆ ರೂಪಕ್ಕೆ ತರಬೇಕಾದರೆ ಆದೇಶ ಇಷ್ಟೇ: ಎಫ್‌ಎಫ್‌ಎಂಪೆಗ್, ಮೈನಸ್ ಐ, ಹಳೆ ಫೈಲಿನ ಹೆಸರು, ಹೊಸ ಫೈಲಿನ ಹೆಸರು. ಹೊಸದರ ಬಾಲಕ್ಕೆ ಡಾಟ್ ಫ್ಲ್ಯಾಕ್ (.flac) ಎಂದು ಹಾಕಿದರೆ ಫ್ಲ್ಯಾಕ್ ಆಗುತ್ತದೆ, ಡಾಟ್ ವೇವ್ (.wav) ಹಾಕಿದರೆ ವೇವ್, ಅಂದರೆ ಒತ್ತದೆ ಹಾಗೇ ಬಿಡಿಸಿಟ್ಟ ದನಿ. ಈ ಪುತ್ತರಿ ತುಂಡು 4 ನಿಮಿಷ 12 ಸೆಕೆಂಡಿನದು. ಎಎಂಆರ್‌ನಲ್ಲಿ ಸುಮಾರು 400 ಕೆಬಿ ಇದ್ದದ್ದು ವೇವ್ ಆದಾಗ 4 ಎಂಬಿ ಆಯಿತು. ಹತ್ತುಪಟ್ಟು ಉಬ್ಬಿತು, ದನಿ ಎಳ್ಳಷ್ಟೂ ಹೆಚ್ಚಲಿಲ್ಲ. ಸೆಕೆಂಡಿನ ಮಾದರಿಗಳನ್ನು 8000ದಿಂದ 44100 ಮಾಡಿ, 48000 ಮಾಡಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಮಾಡಿ, ಫೈಲ್ ಇನ್ನಷ್ಟು ಉಬ್ಬುತ್ತದೆ. ಹುರಿದು ಪುಡಿ ಮಾಡಿದ ಕಾಫಿ ಮತ್ತೆ ಬೀಜವಾಗುವುದುಂಟೇ?

ಹಾಗಾದರೆ ಎಂಪಿ3 ಯಾಕಲ್ಲ ಎಂದು ಕೇಳುತ್ತೀರಿ. ಇಲ್ಲಿ ನನ್ನ ದಡ್ಡತನದ ಕತೆ ಹೇಳಬೇಕು. ಒಂದು ಮಳೆಗಾಲ ಮೂರು ದಿನ ಕರೆಂಟಿಲ್ಲದೆ ಕೂತು, ಕರೆಂಟ್ ಬಂದ ಕೂಡಲೇ ಉಮೇದಿನಲ್ಲಿ ಎಲ್ಲ ಎಎಂಆರ್‌ಗಳನ್ನೂ ಎಂಪಿ3 ಮಾಡಿದೆ. ಡಿಸ್ಕ್ ತುಂಬಿತ್ತು, ಮೂಲಗಳನ್ನು ಅಳಿಸಿದೆ. ಎಎಂಆರ್ ಗಂಟಲಿನ ಲೆಕ್ಕದಲ್ಲಿ ಬಿಟ್ಟದ್ದು ಬಿಟ್ಟಿತ್ತು, ಎಂಪಿ3 ಕಿವಿಯ ಲೆಕ್ಕದಲ್ಲಿ ಇನ್ನಷ್ಟು ಬಿಟ್ಟಿತು. ಎರಡು ಜರಡಿ. ಅದಕ್ಕಿಂತ ದೊಡ್ಡ ನಷ್ಟ ನನಗೆ ಹೊಳೆದದ್ದು ಆಮೇಲೆ. ಫೈಲಿನ ಮೇಲಿದ್ದ ತಾರೀಖು ಹೋಗಿತ್ತು. ಎಲ್ಲ ಹಾಡುಗಳೂ ನಾನು ಪರಿವರ್ತಿಸಿದ ದಿನವೇ ಹುಟ್ಟಿದ ಹಾಗೆ ತೋರಿಸುತ್ತಿದ್ದವು. ಆ ಪುತ್ತರಿ 2008ರದೋ 2009ರದೋ ಎಂದು ಈಗ ಹೇಳಲಾರೆ. ಹಾಡಿದ ನಾಲ್ವರಲ್ಲಿ ಒಬ್ಬರೇ ಉಳಿದಿದ್ದಾರೆ, ಅವರನ್ನು ಕೇಳಿದರೆ 'ಮೂಡಲ ಮನೆಯವರ ಎಮ್ಮೆ ಸತ್ತ ವರ್ಷ' ಅನ್ನುತ್ತಾರೆ. ನಿಮಗೆ ಕೇಳಿಸಿದ ಒಂದು ತುಂಡು ಬ್ಲೂಟೂತಿನಲ್ಲಿ ಗೆಳೆಯನೊಬ್ಬನಿಗೆ ಹೋಗಿ ಬದುಕಿಕೊಂಡದ್ದು.

ಅದಕ್ಕೆ ಫ್ಲ್ಯಾಕ್. ಅದು ವೇವನ್ನು ಒತ್ತಿ ಚಿಕ್ಕದು ಮಾಡುತ್ತದೆ, ಏನನ್ನೂ ಬಿಸಾಡುವುದಿಲ್ಲ. ಮೂಲ ಎಎಂಆರನ್ನೂ ಪಕ್ಕದಲ್ಲೇ ಇಟ್ಟಿರಿ, ಎಷ್ಟು ಜಾಗ ತಿಂದೀತು? ತಾರೀಖು ಹೊಸ ಫೈಲಿಗೂ ಬೇಕಿದ್ದರೆ ಲಿನಕ್ಸ್‌ನಲ್ಲಿ ಟಚ್ ಮೈನಸ್ ಆರ್ ಎಂದು ಬರೆದು, ಮೂಲದ ಹೆಸರು, ಹೊಸದರ ಹೆಸರು ಕೊಡಿ. ಮನೆಯವರಿಗೆ ವಾಟ್ಸ್‌ಆಪಿನಲ್ಲಿ ಕಳಿಸಲು ಎಂಪಿ3 ಧಾರಾಳವಾಗಿ ಮಾಡಿಕೊಳ್ಳಿ, ಫ್ಲ್ಯಾಕಿನಿಂದ.

ಕೈ ಕಚ್ಚುವ ಜಾಗಗಳು ಬೇರೆಯೇ ಇವೆ. ಫೈಲಿನ ಹೆಸರಲ್ಲಿ ಜಾಗ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. 'ಅಜ್ಜಿ ಹಾಡು' ಎಂದು ಹಾಗೇ ಬರೆದರೆ ಅದು ಅಜ್ಜಿಯನ್ನು ಒಂದು ಫೈಲು, ಹಾಡನ್ನು ಇನ್ನೊಂದು ಅಂದುಕೊಳ್ಳುತ್ತದೆ. ಯಾರೋ ಚಾಟಿನಲ್ಲಿ ಕಳಿಸಿದ ಆದೇಶವನ್ನು ನಕಲು ಮಾಡಿದರೆ ಬಾಗಿದ ಉದ್ಧರಣ ಚಿಹ್ನೆ, ಉದ್ದದ ಗೀಟು ಬಂದಿರುತ್ತವೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ನನ್ನ ಒಂದಿಡೀ ಮಧ್ಯಾಹ್ನ ಒಂದು ಗೀಟಿಗೆ ಹೋಗಿದೆ. ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ಅಳಿಸಿ ಬರೆಯಲೇ ಎಂದು ಕೇಳುತ್ತದೆ. ಪ್ರಶ್ನೆಯ ಕಿರಿಕಿರಿಗೆ ಮೈನಸ್ ವೈ ಹಾಕುವ ಚಾಳಿ ಕೆಟ್ಟದ್ದು, ಮೈನಸ್ ಎನ್ ಹಾಕಿದರೆ ಇದ್ದದ್ದನ್ನು ಮುಟ್ಟದೆ ಬಿಡುತ್ತದೆ.

ಇನ್ನೊಂದು ಬಗೆ. ವೇವ್ ರೆಕಾರ್ಡರ್ ಓಡುತ್ತಿರುವಾಗಲೇ ಬ್ಯಾಟರಿ ಸತ್ತರೆ ಫೈಲಿನ ತಲೆಬರಹ (ಒಳಗೆ ಎಂಥ ದನಿ, ಎಷ್ಟಿದೆ ಎಂದು ಹೇಳುವ ಮೊದಲ ಭಾಗ) ಅರ್ಧವಾಗಿ, ಪ್ಲೇಯರ್ 'ಏನೂ ಇಲ್ಲ' ಅನ್ನಬಹುದು. ಆದರೆ ಗಾತ್ರ ನೋಡಿದರೆ 300 ಎಂಬಿ ಇರುತ್ತದೆ. ಆಗ 'ತಲೆ ಬಿಡು, ಇದು ಬರೀ ಕಚ್ಚಾ ದನಿ' ಎಂದು ನಾವೇ ಹೇಳಬೇಕು: ಮೈನಸ್ ಎಫ್ ಎಸ್16ಎಲ್ಇ (16 ಬಿಟ್‌ನ ಕಚ್ಚಾ ದನಿ), ಮೈನಸ್ ಎಆರ್ 48000 (ಸೆಕೆಂಡಿಗೆ 48000 ಮಾದರಿ), ಮೈನಸ್ ಎಸಿ 1 (ಒಂದೇ ಚಾನೆಲ್), ಇವೆಲ್ಲ ಮೈನಸ್ ಐಗೆ ಮುಂಚೆ. ಮೊದಲಿಗೆ ಒಂದು 'ಟಕ್' ಕೇಳಿಸುತ್ತದೆ, ಅದು ತಲೆಬರಹವನ್ನೂ ದನಿಯೆಂದು ನುಡಿಸಿದ್ದು. 48000ದ್ದನ್ನು 44100 ಎಂದು ಹೇಳಿದಿರೋ, ಮಾತು ನಿಧಾನವಾಗಿ, ಗಂಡಸರು ಇನ್ನಷ್ಟು ಗಡಸಾಗಿ ಕೇಳುತ್ತಾರೆ. ಪರಿಚಯದ ದನಿಯಾದರೆ ತಪ್ಪು ತಕ್ಷಣ ಗೊತ್ತಾಗುತ್ತದೆ. ಅದಕ್ಕೇ ಈ ಕೆಲಸಕ್ಕೆ ಮನೆಯವರು ಪಕ್ಕದಲ್ಲಿರಬೇಕು.

ಸಿಡಿ ಸಂಗ್ರಹ ಇರುವವರಿಗೆ ಒಂದು ಮಾತು. ಪೆಸಿಫಿಕ್ ಮೈಕ್ರೋಸಾನಿಕ್ಸ್ ಎಂಬ ಕಂಪನಿ ಮಾಡಿದ, 2000ದಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಎಚ್‌ಡಿಸಿಡಿ ಎಂಬ ವಿಧಾನ ಸಿಡಿಯ ಪ್ರತಿ ಮಾದರಿಯ 16 ಬಿಟ್‌ಗಳಲ್ಲಿ ಕೊನೆಯ ಬಿಟ್ಟಿನಲ್ಲಿ ಗುಟ್ಟಾಗಿ ಸಂಕೇತ ಅಡಗಿಸುತ್ತದೆ. ಎಫ್‌ಎಫ್‌ಎಂಪೆಗ್‌ನಲ್ಲಿ ಮೈನಸ್ ಎಎಫ್ ಎಚ್‌ಡಿಸಿಡಿ ಎಂದರೆ ಅದನ್ನು ಬಿಡಿಸಿ ದನಿಯ ಏರಿಳಿತವನ್ನು ಹಿಗ್ಗಿಸುತ್ತದೆ. ಆದರೆ ನಡುವೆ ಯಾರಾದರೂ ಎಂಪಿ3 ಮಾಡಿದ್ದರೆ, ವಾಲ್ಯೂಮ್ ಚೂರು ಏರಿಸಿ ಉಳಿಸಿದ್ದರೂ ಸಾಕು, ಕೊನೆಯ ಬಿಟ್ ಕಲಸಿಹೋಗಿ ಗುಟ್ಟು ಗುಟ್ಟಾಗಿಯೇ ಸಾಯುತ್ತದೆ.

ಗದ್ದಲ ತೆಗೆಯುವ ಫಿಲ್ಟರುಗಳ ಬಗ್ಗೆ ಕೇಳಿದ್ದೀರಿ. ಇವೆ. ನಕಲಿನ ಮೇಲೆ ಆಡಿ ನೋಡಿ. ನನಗೆ ವೈಯಕ್ತಿಕವಾಗಿ ಹಿಂದಿನ ಜೀರುಂಡೆ ಸದ್ದು ತೆಗೆಯಲು ಮನಸ್ಸು ಬರುವುದಿಲ್ಲ.

ಮೂರನೇ ಸಾಲಿನಲ್ಲಿ ಅಕ್ಕನವರು ಹಳೆಯ ಕಾರ್ಡ್ ತಂದಿದ್ದಾರಂತೆ. ಕೊಡಿ ಅಕ್ಕ, ಕರೆಂಟ್ ಇರುವಾಗಲೇ ಹಾಕಿ ನೋಡೋಣ. ಮೊದಲು ಎಫ್‌ಎಫ್‌ಪ್ರೋಬ್.